ಬೀರವ್ವನ ಖಾಲಿ ಟ್ರ್ಯಾಕು

ದೆವ್ವ, ಮಾಟ, ಮೈಮೇಲೆ ಬರುವುದು, ಇಂಥ ಯಾವುದನ್ನೂ ನಾನು ನಂಬಿದವನಲ್ಲ. ಈಗಲೂ ನಂಬುವುದಿಲ್ಲ ಎಂದೇ ಹೇಳಿಕೊಂಡು ತಿರುಗುತ್ತೇನೆ. ನಮ್ಮಪ್ಪ ನಾನು ಹುಟ್ಟುವುದಕ್ಕೂ ಮೊದಲೇ ಬೌದ್ಧ ದೀಕ್ಷೆ ತೆಗೆದುಕೊಂಡವನು. ನಾರಾಯಣಖೇಡದ ಹತ್ತಿರದ ನಮ್ಮೂರಿನಲ್ಲಿ ಯಾರಿಗಾದರೂ ಮೈಯಲ್ಲಿ ಬಂದರೆ, ಅಪ್ಪ ದೂರ ನಿಂತು, “ಅಕಿಗಿ ಮೊದಲ ಒಂದ ರೊಟ್ಟಿ ಕೊಡ್ರಿ, ಹಸದಾಳ” ಅನ್ನುತ್ತಿದ್ದ. ಅಂಥ ಮನೆಯಲ್ಲಿ ಬೆಳೆದವನು ನಾನು. ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು, ಅದೂ ಬಿ.ಎಸ್ಸಿ. ಜಹೀರಾಬಾದಿನಲ್ಲಿ ಹಗಲು ಕಾಲೇಜು, ಸಂಜೆ ಮೈಕ್ ಸೆಟ್ ಅಂಗಡಿಯಲ್ಲಿ ವೈರು ಸುತ್ತುವ ಕೆಲಸ. ಮದುವೆ ಮನೆಗಳಲ್ಲಿ ಆಂಪ್ಲಿಫೈಯರಿನ ಪಕ್ಕ ಕೂತು, ಅದರ ಕೆಂಪು ದೀಪದಲ್ಲಿ ಪುಸ್ತಕ ಹಿಡಿದು ಓದಿ ಪಾಸಾದವನು. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಅಂದುಕೊಂಡರೂ ಅಡ್ಡಿಯಿಲ್ಲ, ಜಂಬ ನನಗಿದೆ. ಮುಂದೆ ಹೇಳುವ ಸಂಗತಿಯನ್ನು ಎಂಥವನು ಹೇಳುತ್ತಿದ್ದಾನೆ ಅನ್ನುವುದು ನಿಮಗೆ ಮೊದಲೇ ತಿಳಿದಿರಲಿ, ಅಷ್ಟೆ.

ಇದು ನಡೆದದ್ದು ತಾಂಡೂರಿನಲ್ಲಿ, ತೆಲಂಗಾಣ ಚಳವಳಿ ಜೋರಾಗಿದ್ದ ವರ್ಷಗಳಲ್ಲಿ. ಹಾಡಿನ ಮೇಲೆ ನಡೆದ ಚಳವಳಿ ಅದು. ಪ್ರತಿ ಸಭೆಗೂ ಹೊಸ ಹಾಡು ಬೇಕಿತ್ತು, ಪ್ರತಿ ಮಂಡಲಕ್ಕೂ ತನ್ನದೇ ಸಿ.ಡಿ. ಬೇಕಿತ್ತು. ಮೈಕ್ ಸೆಟ್ ಅಂಗಡಿಯಲ್ಲಿ ನನ್ನ ಜೊತೆ ದುಡಿದಿದ್ದ ಗೆಳೆಯ ಇಮ್ತಿಯಾಜನೂ ನಾನೂ ಕೂಡಿ ತಾಂಡೂರಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದು ಒಂದು ರೆಕಾರ್ಡಿಂಗ್ ರೂಮು ಮಾಡಿಕೊಂಡಿದ್ದೆವು.

ನಮ್ಮ ದೊಡ್ಡ ಆಸ್ತಿ ಎಂಟು ಟ್ರ್ಯಾಕಿನ ಒಂದು ಡಿಜಿಟಲ್ ರೆಕಾರ್ಡರ್. ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಹೆಸರಿಗೆ ರೆಕಾರ್ಡರ್ ಆದರೂ ನಾವು ಅದರಲ್ಲಿ ರೆಕಾರ್ಡ್ ಮಾಡುತ್ತಿರಲಿಲ್ಲ. ಅದರ ಕಾರ್ಡಿನಲ್ಲಿ ಜಾಗ ಕಡಿಮೆ, ಅದರ ಬೆರಳುದ್ದದ ಪರದೆಯಲ್ಲಿ ಹಾಡು ಕತ್ತರಿಸಿ ಜೋಡಿಸುವುದು ಕಣ್ಣು ಕಳೆದುಕೊಳ್ಳುವ ಕೆಲಸ. ಹಾಗಂತ ಕಂಪ್ಯೂಟರಿಗೇ ಮೈಕು ಚುಚ್ಚಿದರೆ ಜೇನು ಎದ್ದ ಹಾಗೆ ಗುಂಯ್ ಅನ್ನುವ ಸದ್ದು. ಅದಕ್ಕೆ ನಾನೊಂದು ದಾರಿ ಕಂಡುಕೊಂಡಿದ್ದೆ. ಮೈಕುಗಳನ್ನೆಲ್ಲ ಯಂತ್ರಕ್ಕೆ ಕೊಡುವುದು. ಯಂತ್ರ ಆ ದನಿಗಳನ್ನು ಅಂಕಿಗಳಾಗಿ ಬದಲಿಸಿ ಒಂದೇ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಒಂದೊಂದು ಮೈಕೂ ಒಂದೊಂದು ಟ್ರ್ಯಾಕಾಗಿ ಬೇರೆ ಬೇರೆ ಕೂರುತ್ತದೆ. ಹೀಗೆ ಬಳಸುವಾಗ ಯಂತ್ರ ತನ್ನೊಳಗೆ ಏನನ್ನೂ ಇಟ್ಟುಕೊಳ್ಳುವುದಿಲ್ಲ, ದಾಟಿಸಿಬಿಡುತ್ತದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರದಲ್ಲಿ ಉರ್ದು ಆಡಿಕೊಂಡು ಬೆಳೆದ ನಮ್ಮ ಕಡೆಯವರಿಗೆ ಈ ಕೆಲಸದ ಸ್ವರೂಪವನ್ನು ಬಿಡಿಸಿ ಹೇಳಬೇಕಿಲ್ಲ.

ಕಂಪ್ಯೂಟರಿನ ಫ್ಯಾನು ಸದ್ದು ಮಾಡುತ್ತದೆಂದು ಅದನ್ನು ಪಕ್ಕದ ಕೋಣೆಯಲ್ಲಿಟ್ಟು, ಗೋಡೆಗೆ ತೂತು ಕೊರೆದು ಕೇಬಲ್ ದಾಟಿಸಿದ್ದೆವು. ಹಾಡುವವರ ಕೋಣೆಯಲ್ಲಿ ಯಂತ್ರದ ಮುಂದೆ ಹೆಡ್‌ಫೋನ್ ಹಾಕಿಕೊಂಡು ನಾನು, ಗೋಡೆಯಾಚೆ ಕಂಪ್ಯೂಟರಿನ ಮುಂದೆ ಇಮ್ತಿಯಾಜ್. ಇದನ್ನು ನೆನಪಿನಲ್ಲಿಡಿ. ನನ್ನ ಹೆಡ್‌ಫೋನಿಗೆ ದನಿ ಬರುವುದು ಯಂತ್ರದಿಂದ ನೇರವಾಗಿ. ಅದು ಕಂಪ್ಯೂಟರನ್ನು ಮುಟ್ಟಿತೋ ಇಲ್ಲವೋ ಎಂದು ನೋಡಬೇಕಾದವನು ಅವನು.

ಇನ್ನೊಂದು ಮಾತು. ನಮ್ಮ ರೂಮಿನ ಸುತ್ತ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗಳು. ಬೆಳಗಿನಿಂದ ಸಂಜೆಯವರೆಗೆ ಹಲ್ಲು ಜುಮ್ಮೆನ್ನುವ ಸದ್ದು, ಬಂಡೆ ಹೊತ್ತ ಲಾರಿಗಳು. ಬಂದ್ ಆದ ದಿನ ಮಾತ್ರ ತಾಂಡೂರು ರೆಕಾರ್ಡಿಂಗಿಗೆ ಲಾಯಕ್ಕಾಗುತ್ತಿತ್ತು. ಆ ವರ್ಷಗಳಲ್ಲಿ ಬಂದ್‌ಗಳಿಗೆ ಕೊರತೆ ಇರಲಿಲ್ಲ. ಊರೆಲ್ಲ ಬಾಗಿಲು ಹಾಕಿಕೊಂಡಾಗ ನಾವು ಬಾಗಿಲು ತೆಗೆಯುತ್ತಿದ್ದೆವು. ಆದರೂ ಎಲ್ಲೋ ಒಂದು ಲಾರಿ ಕದ್ದು ಓಡಿದರೆ ಗೊತ್ತಾಗಲಿ ಎಂದು ಇಮ್ತಿಯಾಜ್ ಕಿಟಕಿಯ ಹತ್ತಿರ ಹಳೆಯ ಮೈಕೊಂದನ್ನು ಯಾವಾಗಲೂ ಚಾಲೂ ಇಡುತ್ತಿದ್ದ. ಅದಕ್ಕೆ ‘ಚೌಕೀದಾರ’ ಎಂದು ಅವನಿಟ್ಟ ಹೆಸರು. ಅದರ ಟ್ರ್ಯಾಕು ನೋಡಿದರೆ ಹೊರಗಿನ ಸದ್ದು ಎಲ್ಲಿ ನುಗ್ಗಿದೆ ಎಂದು ತಿಳಿಯುತ್ತಿತ್ತು.

ಬಶೀರಾಬಾದ್ ಕಡೆಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯಾಗಿದ್ದ ಮಾಣಿಕಮ್ಮ ಎಂಬಾಕೆ ಒಂದು ದಿನ ನಮ್ಮನ್ನು ಹುಡುಕಿಕೊಂಡು ಬಂದಳು. ಕುರಿ ಸಾಕುವ ಮನೆತನ. ಅವಳ ತಾಯಿ ಬೀರವ್ವ ಸುತ್ತಲ ಹಳ್ಳಿಗಳಲ್ಲಿ ಹೆಸರಾದ ಹಾಡುಗಾರ್ತಿ. ಬೀಸುವ ಪದ, ಕುರಿಹಟ್ಟಿಯ ಪದ, ಬೀರಪ್ಪನ ಪದ, ಏನು ಕೇಳಿದರೂ ಆಕೆಯ ಬಾಯಲ್ಲಿತ್ತು. ಈಗ ಗಂಟಲಲ್ಲಿ ಗಡ್ಡೆ ಬೆಳೆದಿತ್ತು. ಹೈದರಾಬಾದಿನಲ್ಲಿ ಆಪರೇಷನ್ ಗೊತ್ತಾಗಿತ್ತು. ದನಿಯ ನರ ಗಡ್ಡೆಗೇ ಅಂಟಿಕೊಂಡಿದೆ, ಜೀವ ಉಳಿಸುತ್ತೇವೆ, ದನಿಯ ಮಾತು ಹೇಳಲಾರೆವು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು.

“ತಮ್ಮಾ, ಸಿ.ಡಿ. ಮಾಡಿ ಮಾರಾಕಲ್ಲ ಇದು” ಎಂದಳು ಮಾಣಿಕಮ್ಮ. “ಅವ್ವನ ದನಿ ಹೋಗೂದ್ರೊಳಗ ಹಿಡದ ಇಡ್ರಿ. ನಮ್ಮ ಮನ್ಯಾಗ ಇರ್ಲಿ. ಯಾರ ಕೈಗೂ ಕೊಡಬ್ಯಾಡ್ರಿ.”

ಆ ಕೊನೆಯ ಮಾತಿಗೆ ಕಾರಣವಿತ್ತು. ಆ ಕಾಲದಲ್ಲಿ ಹಾಡು ಕದಿಯುವುದು ನಡೆದೇ ಇತ್ತು. ಯಾವಳೋ ಹೊಲದಲ್ಲಿ ಹಾಡಿದ ಧಾಟಿ ಮುಂದಿನ ವಾರ ಬೇರೆ ಮಾತು ಹೊದ್ದುಕೊಂಡು ಲೌಡ್‌ಸ್ಪೀಕರಿನಲ್ಲಿ ಕೇಳುತ್ತಿತ್ತು. ಹೈದರಾಬಾದಿನ ಒಬ್ಬ ಸಿ.ಡಿ. ವ್ಯಾಪಾರಿ ಇಮ್ತಿಯಾಜನಿಗೆ ಮೇಲಿಂದ ಮೇಲೆ ಫೋನ್ ಮಾಡಿ, ಹಳ್ಳಿಯ ಹೊಸ ಧಾಟಿ ಏನಾದರೂ ಇದ್ದರೆ ಕಳಿಸು ಎನ್ನುತ್ತಿದ್ದುದು ನನಗೆ ಗೊತ್ತಿತ್ತು. ಅವನು ಕಳಿಸುತ್ತಿದ್ದನೋ ಇಲ್ಲವೋ ಗೊತ್ತಿರಲಿಲ್ಲ.

ಬಂದ್ ಇದ್ದ ಒಂದು ದಿನ ಗೊತ್ತು ಮಾಡಿದೆವು. ತಾಯಿ ಮಗಳು ಹಿಂದಿನ ದಿನವೇ ರೈಲಿನಲ್ಲಿ ಬಂದು ತಾಂಡೂರಿನ ನೆಂಟರ ಮನೆಯಲ್ಲಿ ಉಳಿದಿದ್ದರು. ಬೆಳಗ್ಗೆ ಆಟೋದ ಮುಂದೆ ‘ಆಸ್ಪತ್ರೆ’ ಎಂದು ಕಾಗದ ಅಂಟಿಸಿಕೊಂಡು ಬಂದರು. ದಾರಿಯಲ್ಲಿ ಚಳವಳಿಯ ಹುಡುಗರು ತಡೆದು, ಜೈ ತೆಲಂಗಾಣ ಅನ್ನು ಅವ್ವಾ, ಬಿಡುತ್ತೇವೆ ಎಂದರಂತೆ. ಬೀರವ್ವ ಮೆಲ್ಲಗೆ ಅಂದಳಂತೆ. ಇನ್ನೂ ಜೋರಾಗಿ ಎಂದಾಗ, “ಇಲ್ಲೇ ದನಿ ಎಲ್ಲಾ ಖರ್ಚ ಮಾಡಿದ್ರ ಅಲ್ಲಿ ಹೋಗಿ ಏನ ಹಾಡ್ಲಿ?” ಎಂದಳಂತೆ. ಹುಡುಗರು ನಕ್ಕು ಬಿಟ್ಟರಂತೆ. ಇದನ್ನು ಮಾಣಿಕಮ್ಮ ಹೇಳುತ್ತಿದ್ದರೆ ಬೀರವ್ವ ತನಗೆ ಸಂಬಂಧವಿಲ್ಲದವಳಂತೆ ನಮ್ಮ ವೈರುಗಳನ್ನು ನೋಡುತ್ತಿದ್ದಳು. ಕೊರಳಿನ ಒಂದು ಮಗ್ಗುಲು ನಿಂಬೆಹಣ್ಣು ಇಟ್ಟ ಹಾಗೆ ಉಬ್ಬಿತ್ತು.

ರೆಕಾರ್ಡಿಂಗಿಗೆ ಮೊದಲು ಹಿತ್ತಲಿನ ಅರ್ಥಿಂಗ್ ಗುಂಡಿಗೆ ಉಪ್ಪು ಹಾಕಿ ಒಂದು ಕೊಡ ನೀರು ಸುರಿಯುವುದು ನಮ್ಮ ಪದ್ಧತಿ. ಮಣ್ಣು ಹಸಿ ಇದ್ದರೆ ಗುಂಯ್ ಸದ್ದು ಕಡಿಮೆಯಾಗುತ್ತದೆ. ನಾನು ನೀರು ಸುರಿಯುವುದನ್ನು ಬೀರವ್ವ ಬಾಗಿಲಲ್ಲಿ ನಿಂತು ನೋಡಿದಳು.

“ಯಾವ ದೇವ್ರೋ ಯಪ್ಪಾ ಇದು?”

“ದೇವ್ರಲ್ಲ ಅತ್ತಿ, ಕರೆಂಟ್” ಎಂದೆ.

“ಉಪ್ಪು ನೀರು ಕೇಳತದಂದ್ರ ದೇವ್ರ ಆತಲ್ಲ. ಕೋಳಿ ಕೇಳಿಲ್ಲ, ನಿನ್ನ ಪುಣ್ಯ.”

ಒಳಗೆ ಬಂದು ಕೂತ ಮೇಲೆ ಮಗಳ ಮೇಲಿನ ಸಿಟ್ಟು ತೆಗೆದಳು. “ಎಷ್ಟ ವರ್ಷ ಆತು ಇಕಿಗಿ ಕಲೀ ಕಲೀ ಅನ್ನಾಕತ್ತು. ಸೊಲ್ಲ ಹಿಡೀತಾಳ, ಪದ ಹಿಡ್ಯಾಂಗಿಲ್ಲ. ಈಗ ನೋಡು, ಡಬ್ಬ್ಯಾಗ ತುಂಬಿಸ್ತಾಳಂತ. ಡಬ್ಬ್ಯಾಗ ಇದ್ದದ್ದ ಯಾರ ಕಲೀತಾರ?”

“ನಾ ಡ್ಯೂಟಿ ಮಾಡ್ಲೋ, ನಿನ್ನ ಪದ ಕಲೀಲೋ?” ಎಂದಳು ಮಾಣಿಕಮ್ಮ. “ಇವರು ಮಷೀನ್ಯಾಗ ಹಾಕ್ತಾರ, ಕಾಯಂ ಇರ್ತದ. ಸುಮ್ನ ಹಾಡು.”

ಮೊದಲನೇ ಮೈಕು ಬೀರವ್ವನಿಗೆ. ಎರಡನೆಯದು ತಾಳ ಹಿಡಿದು ಸೊಲ್ಲು ಹೇಳುವ ಮಾಣಿಕಮ್ಮನಿಗೆ. ಮೂರನೆಯದು ಕಿಟಕಿಯ ಚೌಕೀದಾರ. ಗೋಡೆಯಾಚೆಯಿಂದ ಇಮ್ತಿಯಾಜ್, “ಚಾಲೂ ಅದ, ಶುರು ಮಾಡ್ರಿ” ಎಂದು ಕೂಗಿದ.

ಆಕೆ ಹಾಡಿದಳು. ಇದರಲ್ಲಿ ಅನುಮಾನವಿಲ್ಲ. ನಾನು ಕೈಯಳತೆಯ ದೂರದಲ್ಲಿ ಕೂತಿದ್ದೆ. ಮರಳಿನಂಥ ಒರಟು ದನಿ, ಕೆಳಗಿದ್ದಾಗ ಮಾತಿನಷ್ಟೇ ಸಾದಾ. ಮೇಲೆ ಏರಿದಾಗ ಮಾತ್ರ ಅದು ಎಲ್ಲಿಯೂ ಬಿರಿಯದೆ ಹೋಗುವುದನ್ನು ಕೇಳಿ, ಆ ಉಬ್ಬಿದ ಕೊರಳಿನಿಂದ ಇದು ಬರುವುದಾದರೂ ಹೇಗೆ ಎಂದುಕೊಂಡೆ. ಒಂದೊಂದು ಸಾಲು ಮುಗಿದಾಗಲೂ ಮಾಣಿಕಮ್ಮ “ಹೌದೇ ನನ್ನವ್ವ ಹೌದೇ” ಎಂದು ಸೊಲ್ಲು ಹೇಳುತ್ತಿದ್ದಳು. ಹಾಡುಗಳ ನಡುವೆ ಬೀರವ್ವ ಕೆಮ್ಮಿದಳು, ನೀರು ಕೇಳಿದಳು, ಮಗಳಿಗೆ ಬೈದಳು. “ತಾಳ ಓಡಿಸಬ್ಯಾಡ. ಬಸ್ಸ ತಪ್ಪತದೇನ? ಇವತ್ತ ಬಸ್ಸೇ ಇಲ್ಲ.” ಜೋಗುಳವೊಂದನ್ನು ಹಾಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ನನ್ನ ತಾಯಿಗೆ ಹಾಡು ಬರುತ್ತಿರಲಿಲ್ಲ. ಅದಕ್ಕೋ ಏನೋ.

ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಟ್ಟು ಎದ್ದೆ. ಎಲ್ಲರೂ ಪಕ್ಕದ ಕೋಣೆಗೆ ಹೋದೆವು. ಇಮ್ತಿಯಾಜ್ ಸ್ಪೀಕರಿನ ಮುಂದೆ ಬೀರವ್ವನಿಗೆ ಕುರ್ಚಿ ಹಾಕಿ, “ಕೇಳ್ರಿ ಅಮ್ಮಾ, ನಿಮ್ಮ ದನಿ ನಿಮಗೇ ಗುರ್ತ ಸಿಗೂದಿಲ್ಲ ನೋಡ್ರಿ” ಎಂದು ಚಾಲೂ ಮಾಡಿದ.

ತಾಳ ಶುರುವಾಯಿತು. ಕಿಟಕಿಯಾಚೆ ಗುಬ್ಬಿ ಚಿಂವ್ ಅಂದದ್ದು ಕೇಳಿತು. ಹಾಡು ಬರಬೇಕಾದಲ್ಲಿ ಏನೂ ಬರಲಿಲ್ಲ. ತಾಳ ಒಂದೇ ನಡೆಯುತ್ತಿತ್ತು. ಆಮೇಲೆ ಮಾಣಿಕಮ್ಮನ ದನಿ, “ಹೌದೇ ನನ್ನವ್ವ ಹೌದೇ.” ಮತ್ತೆ ಬರೀ ತಾಳ. ಮತ್ತೆ, “ಹೌದೇ ನನ್ನವ್ವ ಹೌದೇ.”

ಮೊದಲನೇ ಟ್ರ್ಯಾಕಿನ ದನಿ ಮುಚ್ಚುವ ಗುಂಡಿ ಒತ್ತಿ ಹೋಗಿದೆ ಎಂದುಕೊಂಡು ನೋಡಿದೆವು. ಎಲ್ಲ ಸರಿಯಾಗಿತ್ತು. ಹಾಡು ಮುಂದೆ ಓಡಿಸಿದೆವು. ಥಟ್ಟನೆ ಸ್ಪೀಕರಿನಿಂದ ಬೀರವ್ವ ಗಟ್ಟಿಯಾಗಿ, “ತಾಳ ಓಡಿಸಬ್ಯಾಡ. ಬಸ್ಸ ತಪ್ಪತದೇನ?” ಎಂದಳು. ನಾವೆಲ್ಲ ಬೆಚ್ಚಿದೆವು. ಪರದೆಯ ಮೇಲೆ ಮೊದಲನೇ ಟ್ರ್ಯಾಕು ನೆಟ್ಟಗೆ ಎಳೆದ ಗೆರೆಯ ಹಾಗಿತ್ತು. ಆಕೆ ಮಾತಾಡಿದಲ್ಲಿ, ಕೆಮ್ಮಿದಲ್ಲಿ, ನೀರು ಕೇಳಿದಲ್ಲಿ ಮಾತ್ರ ಗೆರೆ ಉಬ್ಬಿತ್ತು. ಹಾಡಿದಲ್ಲೆಲ್ಲ ಚಪ್ಪಟೆ. ಬಳೆಯ ಸದ್ದಿತ್ತು. ಉಸಿರು ಎಳೆದುಕೊಂಡದ್ದೂ ಇತ್ತು. ಹಾಡಿರಲಿಲ್ಲ.

“ನಾ ನೋಡೀನಿ ಯಾರ್” ಎಂದ ಇಮ್ತಿಯಾಜ್. ಅವನ ಮುಖ ಬಿಳಚಿತ್ತು. “ಮೂರೂ ಗೆರಿ ಕುಣ್ಯಾಕತ್ತಿದ್ದವು. ಖುದಾ ಕಸಮ್.”

ಮಾಣಿಕಮ್ಮ ಇನ್ನೊಮ್ಮೆ ಹಾಡೆಂದು ತಾಯಿಯ ಕೈ ಹಿಡಿದಳು. ಬೀರವ್ವ ಆಗಲೇ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಿದ್ದಳು. ಆಕೆಗೆ ಗಾಬರಿಯೇನೂ ಆದಂತೆ ಕಾಣಲಿಲ್ಲ, ಅದು ನನಗೆ ಆಗಲೇ ಸರಿ ಅನ್ನಿಸಲಿಲ್ಲ. “ಹಾಡಿದ್ದ ಎಲ್ಲಿ ಹೋಗತದ? ಇಲ್ಲೇ ಎಲ್ಲರ ಇರ್ತದ ಹುಡುಕ್ರಿ. ನನ್ನ ಕೊಳ್ಳಾಗ ಇನ್ನ ಆಗಂಗಿಲ್ಲ” ಎಂದಳು. ಇಮ್ತಿಯಾಜ್ ಮೊಬೈಲ್ ಮುಂದೆ ಹಿಡಿದು ಒಂದೇ ಸಾಲು ಎಂದು ಅಂಗಲಾಚಿದ. ಆಕೆ ಕೈ ಅಲ್ಲಾಡಿಸಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಆ ದಿನ ಅದು ತಿರುಗಿ ಬಂದಾಗ ಅವರು ಹೋಗಿಯಾಗಿತ್ತು.

ಹೋಗುವಾಗ ಮಾಣಿಕಮ್ಮ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡಿದಳು. “ನಮ್ಮವ್ವನ ದನಿ ಯಾರಿಗಿ ಮಾರಿದ್ರಿ?” ಎಂದಳು. ಅಳುತ್ತಿರಲಿಲ್ಲ. ನಾನು ಏನೋ ಹೇಳಲು ಹೋದೆ, ಕೇಳಿಸಿಕೊಳ್ಳದೆ ಆಟೋ ಹತ್ತಿದಳು.

ಆಕೆಗೆ ಬಂದ ಅನುಮಾನ ನನಗೂ ಬಂದಿತ್ತು, ಮುಚ್ಚಿಟ್ಟು ಏನು ಪ್ರಯೋಜನ. ಕಂಪ್ಯೂಟರಿನ ಮುಂದೆ ಒಬ್ಬನೇ ಇದ್ದವನು ಇಮ್ತಿಯಾಜ್. ಹಾಡಿನ ಭಾಗಗಳನ್ನು ತನಗೆ ಇಟ್ಟುಕೊಂಡು ಮಾತಿನ ಭಾಗ ಬಿಟ್ಟಿದ್ದರೆ? ನಾನು ಬಾಯಿಬಿಡುವ ಮೊದಲೇ ಅವನು ಹೇಳಿದ. “ಬಿಯೆಸ್ಸಿ ಸಾಬ್, ಮಷೀನ್ ನಿನ್ನ ಮುಂದಿತ್ತು. ಒಂದನೇ ಗುಂಡಿ ನಿನ್ನ ಕೈಯಾಗಿತ್ತು. ಅಮ್ಮ ಹಾಡುವಾಗ ಇಳಿಸಿ, ಮಾತಾಡುವಾಗ ಏರಿಸಿದ್ರ ಯಾರಿಗಿ ಗೊತ್ತಾಗತದ?” ನನಗೆ ಸಿಟ್ಟು ನೆತ್ತಿಗೇರಿತು. ಏನು ಮಾಡಲಿ, ಅವನ ವಾದದಲ್ಲಿ ತಪ್ಪಿರಲಿಲ್ಲ. ನನ್ನ ವಾದದಲ್ಲೂ ತಪ್ಪಿರಲಿಲ್ಲ. ಕೆಲವು ದಿನ ನಾವು ಒಂದೇ ಕೋಣೆಯಲ್ಲಿ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತೆವು. ಅವನಿಲ್ಲದಾಗ ನಾನು ಹಾರ್ಡ್ ಡಿಸ್ಕನ್ನು ತಳಮೇಲೆ ಮಾಡಿ, ಅಳಿಸಿದ ಫೈಲುಗಳನ್ನೆಲ್ಲ ಎತ್ತಿ ನೋಡಿದೆ. ನಾನಿಲ್ಲದಾಗ ಅವನು ಯಂತ್ರದ ಕಾರ್ಡು ಕಿತ್ತು ಹುಡುಕಿದ್ದ, ಸಿಕ್ಕಿಸುವಾಗ ಉಲ್ಟಾ ಸಿಕ್ಕಿಸಲು ಹೋಗಿ ಗೀರು ಮಾಡಿದ್ದರಿಂದ ಸಿಕ್ಕಿಬಿದ್ದ. ಇಬ್ಬರಿಗೂ ಏನೂ ಸಿಗಲಿಲ್ಲ.

ಆಮೇಲೆ ನನಗೆ ಹೊಳೆದದ್ದು ಈ ಅನುಮಾನಗಳಿಗಿಂತ ಕೆಟ್ಟದ್ದು. ಒಂದೇ ಕೋಣೆಯಲ್ಲಿ ಮೂರು ಮೈಕು ಇದ್ದರೆ ಒಬ್ಬರ ದನಿ ಉಳಿದೆರಡರಲ್ಲೂ ಸಣ್ಣಗೆ ಬಿದ್ದೇ ಬೀಳುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಒಲೆ ಹಚ್ಚಿದರೆ ಹೊಗೆ ಎಲ್ಲ ಮೂಲೆಗೂ ಹೋದ ಹಾಗೆ. ನಾನು ಗುಂಡಿ ಇಳಿಸಿದ್ದರೂ, ಅವನು ಮೊದಲನೇ ಟ್ರ್ಯಾಕು ಕತ್ತರಿಸಿದ್ದರೂ, ಮಾಣಿಕಮ್ಮನ ಮೈಕಿನಲ್ಲಿ ಬೀರವ್ವನ ಹಾಡು ತೆಳ್ಳಗೆ ಇರಲೇಬೇಕು. ಚೌಕೀದಾರನಲ್ಲಿ ಇರಲೇಬೇಕು. ನಾನು ಸ್ಪೀಕರು ಪೂರ್ತಿ ಏರಿಸಿ ಕಿವಿ ಇಟ್ಟು ಕೇಳಿದೆ. ಚೌಕೀದಾರನಲ್ಲಿ ಗುಬ್ಬಿ ಇದೆ, ದೂರದ ಬೀದಿಯಲ್ಲಿ ಘೋಷಣೆ ಕೂಗಿದ್ದಿದೆ, ಮಾಣಿಕಮ್ಮನ ತಾಳವಿದೆ, ಬೀರವ್ವನ ಕೆಮ್ಮಿದೆ. ಹಾಡಿಲ್ಲ.

ಇಮ್ತಿಯಾಜ್ ಆ ಫೈಲುಗಳನ್ನು ಹೈದರಾಬಾದಿಗೆ ಒಯ್ದು ಅನುಭವಸ್ಥ ಸೌಂಡ್ ಎಂಜಿನಿಯರ್ ಒಬ್ಬರಿಗೆ ಕೇಳಿಸಿದ. ಅವರು ನಕ್ಕರಂತೆ. ಇದು ಮೈನಸ್ ಟ್ರ್ಯಾಕ್ ತಾನೇ, ಹಾಡುವವರು ಇನ್ನೂ ಬಂದಿಲ್ಲ, ಅಷ್ಟೆ ಎಂದರಂತೆ. ಮೈನಸ್ ಟ್ರ್ಯಾಕ್ ಅಂದರೆ ಮುಖ್ಯ ದನಿಯ ಜಾಗ ಖಾಲಿ ಬಿಟ್ಟ ರೆಕಾರ್ಡಿಂಗ್. ಯಾರಾದರೂ ಬಂದು ಅದರ ಮೇಲೆ ಹಾಡಬಹುದು. ಹಾಡಿದ್ದು ಅಳಿಸಿ ಹೋಗಿದೆ ಎಂದು ಇವನು ಹೇಳಿದಾಗ ಅವರ ನಗು ನಿಂತಿತಂತೆ. ಮೂರು ಮೈಕಿನಿಂದಲೂ ಹಾಡನ್ನು ಮಾತ್ರ ಹೀಗೆ ಹೆಕ್ಕಿ ತೆಗೆಯುವ ಸಾಫ್ಟ್‌ವೇರ್ ನನ್ನ ಹತ್ತಿರ ಇಲ್ಲ, ಇದ್ದವನನ್ನು ನಾನು ನೋಡಿಯೂ ಇಲ್ಲ, ಆಕೆ ಹಾಡಿದಳು ಅಂತ ನಿಮಗೆ ಖಾತ್ರಿಯೇ ಎಂದು ಕೇಳಿದರಂತೆ.

ಆ ಪ್ರಶ್ನೆ ಕೇಳಿಸಿಕೊಂಡ ಮೇಲೆ ನಾವು ಬೆನ್ನು ಹಾಕಿ ಕೂರುವುದನ್ನು ಬಿಟ್ಟೆವು. ಅನುಮಾನ ಹೋಯಿತೆಂದಲ್ಲ. ಮುಂದೆ ಎಷ್ಟೋ ತಿಂಗಳು, ಎಲ್ಲಿ ಸಭೆ ನಡೆದರೂ ನಾನು ಲೌಡ್‌ಸ್ಪೀಕರಿನ ಕೆಳಗೆ ನಿಂತು ಬೀರವ್ವನ ಧಾಟಿ ಬರುತ್ತದೇನೋ ಎಂದು ಕಾದಿದ್ದೇನೆ. ಬರಲಿಲ್ಲ.

ಆಪರೇಷನ್ ಆಯಿತು. ಬೀರವ್ವ ಉಳಿದಳು, ದನಿ ಹೋಯಿತು. ಮಾಣಿಕಮ್ಮ ಒಬ್ಬಳೇ ಬಂದು, ಆ ದಿನದ್ದು ಏನಿದೆಯೋ ಅದನ್ನೇ ಸಿ.ಡಿ. ಮಾಡಿಕೊಡಿ ಎಂದಳು. ಏನೂ ಇಲ್ಲವಲ್ಲ ಅಕ್ಕಾ ಎಂದೆ. “ಬೈದದ್ದರ ಅದ ಅಲ್ಲ” ಎಂದಳು. ಹಾಗೇ ಮಾಡಿಕೊಟ್ಟೆ. ನನ್ನ ಮುಖ ನೋಡದೆ ತೆಗೆದುಕೊಂಡು ಹೋದಳು.

ಮಳೆಗಾಲ ಕಳೆದ ಮೇಲೆ ಆಕೆಯ ಫೋನ್ ಬಂತು. “ಒಂದ ಸಲ ಊರಿಗಿ ಬಂದು ಹೋಗ್ರಿ. ಇಬ್ಬರೂ ಬರ್ರಿ” ಎಂದಷ್ಟೇ ಹೇಳಿದಳು. ಊರ ಮಂದಿಯ ಮುಂದೆ ನಿಲ್ಲಿಸಿ ಕೇಳುತ್ತಾರೆ ಎಂದುಕೊಂಡೆವು. ಹೋಗುವುದು ಬೇಡ ಎಂದ ಇಮ್ತಿಯಾಜ್. ಹೋಗದಿದ್ದರೆ ಕಳ್ಳರೆಂದು ಒಪ್ಪಿದಂತೆ ಎಂದೆ ನಾನು. ರೈಲಿನಲ್ಲಿ ಬಶೀರಾಬಾದಿಗೆ ಹೋಗಿ, ಅಲ್ಲಿಂದ ಆಟೋದಲ್ಲಿ ಊರು ಸೇರಿದೆವು.

ಕುರಿ ಹಟ್ಟಿಯ ಪಕ್ಕದ ಮನೆ. ಕುರಿ ಮೇಯಲು ಹೋಗಿದ್ದವು, ಎರಡು ಮರಿಗಳು ಅಂಗಳದಲ್ಲಿದ್ದವು. ಬೀರವ್ವ ಕೊರಳಿಗೆ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದಳು. ಇಳಿದುಹೋಗಿದ್ದಳು. ನಮ್ಮನ್ನು ಕಂಡು ಕೈ ಎತ್ತಿ ಕರೆದಳು, ಬಾಯಿ ಆಡಿತು, ಗಾಳಿಯೇ ಬಂತು. ಮಂದಿ ಯಾರೂ ಇರಲಿಲ್ಲ.

ಮಾಣಿಕಮ್ಮ ಟಿ.ವಿ.ಯ ಕೆಳಗಿನ ಡಿ.ವಿ.ಡಿ. ಪ್ಲೇಯರಿಗೆ ನಮ್ಮ ಸಿ.ಡಿ. ಹಾಕಿದಳು. ತಾಳ ಶುರುವಾಯಿತು. ಗುಬ್ಬಿ ಚಿಂವ್ ಎಂದಿತು. ಖಾಲಿ ಜಾಗ ಬಂತು. ಆ ಖಾಲಿ ಜಾಗದಲ್ಲಿ ಮಾಣಿಕಮ್ಮ ಹಾಡಿದಳು.

ಎದುರಿಗೆ ಕೂತ ತಾಯಿಯ ತುಟಿ ನೋಡಿಕೊಂಡು ಹಾಡುತ್ತಿದ್ದಳು. ತುಟಿ ಮುಂದೆ, ದನಿ ಕೂದಲೆಳೆಯಷ್ಟು ಹಿಂದೆ. ಸಾಲು ಮುಗಿಯುತ್ತಲೇ ಸಿ.ಡಿ.ಯೊಳಗಿಂದ ಅವಳದೇ ಹಳೆಯ ದನಿ ಸೊಲ್ಲು ಕೊಟ್ಟಿತು. “ಹೌದೇ ನನ್ನವ್ವ ಹೌದೇ.” ಒಂದು ಕಡೆ ಧಾಟಿ ತಪ್ಪಿದಾಗ ಬೀರವ್ವ ಬಳೆಯಿಂದ ನೆಲ ಕುಟ್ಟಿದಳು. ಮಾಣಿಕಮ್ಮ ನಾಲಿಗೆ ಕಚ್ಚಿಕೊಂಡು ಸಿ.ಡಿ. ಹಿಂದೆ ಓಡಿಸಿ ಮತ್ತೆ ಹಾಡಿದಳು. ಅವಳ ದನಿ ತಾಯಿಯ ದನಿಯ ಹಾಗಿರಲಿಲ್ಲ, ತೆಳ್ಳಗಿತ್ತು. ಆದರೆ ಹಾಡು ಆ ಜಾಗದಲ್ಲಿ ಚೂರೂ ಹೆಚ್ಚುಕಡಿಮೆ ಇಲ್ಲದೆ ಕೂತಿತು, ಅಳತೆ ಕೊಟ್ಟು ಮಾಡಿಸಿದ ಹಾಗೆ. ಇಮ್ತಿಯಾಜ್ ನನ್ನ ಕಿವಿಯಲ್ಲಿ, “ಮೈನಸ್ ಟ್ರ್ಯಾಕ್” ಎಂದ.

“ದಿನಾ ಸಂಜಿಗಿ ಇದೇ” ಎಂದಳು ಮಾಣಿಕಮ್ಮ, ಪ್ಲೇಯರು ನಿಲ್ಲಿಸಿ. “ಮೊದಮೊದಲ ಬೈದದ್ದ ಕೇಳಾಕ ಹಾಕ್ತಿದ್ದೆ. ಖಾಲಿ ಬಂದಾಗ ಅವ್ವನ ತುಟಿ ಆಡೂದ ನೋಡಿದೆ. ಆಮ್ಯಾಲ ಹಿಂಗಾತು. ಇದರಾಗ ಅಕಿ ಹಾಡ ಇದ್ದಿದ್ರ ನಾ ಬಾಯಿ ಬಿಡ್ತಿದ್ದಿಲ್ಲ ತಮ್ಮಾ. ಕೇಳಿ ಅತ್ತು ಸುಮ್ಮನಿರ್ತಿದ್ದೆ.” ಸಿ.ಡಿ. ಹೊರಗೆ ತೆಗೆಯುತ್ತ, “ಅವತ್ತ ಬಾಗಲದಾಗ ಒಂದ ಮಾತ ಅಂದಿದ್ದೆ. ಅದಕ್ಕ ಕರದೆ” ಎಂದಳು. ಎದ್ದು ಚಹಾ ಮಾಡಲು ಒಳಗೆ ಹೋದಳು.

ನಾನು ಬೀರವ್ವನ ಹತ್ತಿರ ಸರಿದು ಕೂತೆ. ಬೌದ್ಧನ ಮಗ, ಬಿ.ಎಸ್ಸಿ. ಮಾಡಿದವನು, ಕೇಳಬಾರದ್ದನ್ನು ಕೇಳಿದೆ. “ಅತ್ತಿ, ಖರೇ ಹೇಳ್ರಿ. ಅವತ್ತ ನೀವೇ ಏನರ ಮಾಡಿದ್ರೇನು?”

ಆಕೆ ನನ್ನ ಕಡೆ ತಿರುಗಿದಳು. ಆಮೇಲೆ ತುಟಿ ಆಡಿಸಿದಳು. ಒಂದೆರಡು ಪದವಲ್ಲ, ಉದ್ದವಾದ ಮಾತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆಕೆಯ ತುಟಿ ಓದಬಲ್ಲವಳು ಒಳಗೆ ಒಲೆಯ ಮುಂದಿದ್ದಳು. ಇನ್ನೊಮ್ಮೆ ಹೇಳಿರೆಂದು ಕೈ ಮುಗಿದೆ. ಆಕೆ ಕೈ ಬೀಸಿ ಮುಖ ತಿರುಗಿಸಿದಳು. ದಾರಿಯಲ್ಲಿ ಇಮ್ತಿಯಾಜ್, “ಚಾ ಕುಡದ ಹೋಗ್ರಿ ಅಂದ್ರು, ಮತ್ತೇನಿಲ್ಲ” ಎಂದ. ಅವನಿಗೂ ಗೊತ್ತಾಗಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದ.

ಬೀರವ್ವ ಈಗಿಲ್ಲ. ಮಾಣಿಕಮ್ಮ ಆ ಕಡೆಯ ಮದುವೆ ಮುಂಜಿಗಳಲ್ಲಿ ಹಾಡುತ್ತಾಳೆ. ಇಮ್ತಿಯಾಜನಿಗೆ ಜಹೀರಾಬಾದಿನಲ್ಲಿ ಮೊಬೈಲ್ ಅಂಗಡಿ ಇದೆ. ಹಾಡು ಮಗಳಿಗೆ ದಾಟಬೇಕಿತ್ತು, ದಾಟಿತು ಎಂದು ಅವನು ಈ ಕಥೆಯನ್ನು ಗಿರಾಕಿಗಳಿಗೆ ಚಂದ ಮಾಡಿ ಹೇಳುತ್ತಾನಂತೆ. ನನಗೆ ಅದು ಒಪ್ಪುವುದಿಲ್ಲ. ಇಷ್ಟು ಸಲೀಸಾಗಿ ಕೂಡುವ ಕಾರಣವನ್ನು ನಾನು ಯಾವತ್ತೂ ನಂಬಿದವನಲ್ಲ. ಹಾಗಂತ ಬೇರೆ ಕಾರಣ ನನ್ನ ಹತ್ತಿರ ಇದೆಯೇ ಎಂದರೆ ಇಲ್ಲ. ಕೇಬಲ್ಲು, ಯಂತ್ರ, ಕಂಪ್ಯೂಟರು, ಎಲ್ಲವನ್ನೂ ಅನುಮಾನಿಸಿ ನೋಡಿದ್ದೇನೆ. ಮರುದಿನವೇ ಅದೇ ಮೈಕಿನಲ್ಲಿ ನಾನೇ ಹಾಡಿ ನೋಡಿದ್ದೆ. ನನ್ನ ಕೆಟ್ಟ ದನಿ ಮೂರೂ ಟ್ರ್ಯಾಕಿನಲ್ಲಿ ನಿಚ್ಚಳವಾಗಿ ಬಂದಿತ್ತು.

ಆ ಫೈಲು ಇನ್ನೂ ನನ್ನ ಹತ್ತಿರ ಇದೆ. ಆ ದಿನ ಕರೆಂಟು ಹೋದದ್ದರಿಂದ ನಾವು ಅದನ್ನು ಕೊನೆಯವರೆಗೆ ಕೇಳಿರಲಿಲ್ಲ. ಆಮೇಲೆಯೂ ಹುಡುಕಿದ್ದೆಲ್ಲ ಹಾಡಿನ ಜಾಗಗಳಲ್ಲಿ. ತೀರಾ ಕೊನೆಯ ತುಂಡನ್ನು ನಾನು ಕೇಳಿದ್ದು ಬೀರವ್ವ ತೀರಿಕೊಂಡ ಸುದ್ದಿ ಬಂದ ದಿನ. ಕೊನೆಯ ಹಾಡಿನ ಖಾಲಿ ಜಾಗ ಮುಗಿದು, ತಾಳ ನಿಂತ ಮೇಲೆ, ಆಕೆ ಕೇಳುತ್ತಾಳೆ: “ಆತೇನೋ ಯಪ್ಪಾ? ಎಲ್ಲಾ ಬಂತೇನು?”

ನನ್ನ ದನಿ ಉತ್ತರ ಕೊಡುತ್ತದೆ, ಆಗಿನ ನನ್ನ ಗತ್ತಿನಲ್ಲಿ. “ಆತ್ರಿ ಅತ್ತಿ. ಒಂದೂ ಬಿಟ್ಟಿಲ್ಲ, ಎಲ್ಲಾ ಬಂದದ.” ಆಮೇಲೆ ಹೆಡ್‌ಫೋನನ್ನು ಮೇಜಿನ ಮೇಲಿಟ್ಟ ಸದ್ದು. ಅದರ ಹಿಂದೆಯೇ, ನಾನು ಅವತ್ತು ಕೇಳಿಸಿಕೊಳ್ಳದೆ ಎದ್ದು ಹೋದದ್ದು, ಬೀರವ್ವನ ನಗು. ಸಣ್ಣ ನಗು. ಮೂರೂ ಟ್ರ್ಯಾಕಿನಲ್ಲಿ ಸ್ಪಷ್ಟವಾಗಿ ಇದೆ.